ಕಿವಿರಿಲ್ಲದ ಅತಿಥಿ

ಫ್ರಿಜ್ಜಿನ ಬಾಗಿಲು ತೆರೆದ ಝೀಟಾ ಒಂದು ಹೆಜ್ಜೆ ಹಿಂದೆ ಸರಿದಳು.

ತರಕಾರಿ ಇಡುವ ಜಾಗದಲ್ಲಿ ಬದನೆ, ಬೆಂಡೆ ಏನೂ ಇರಲಿಲ್ಲ. ಇದ್ದದ್ದು ಅಗಲವಾದ ಒಂದು ಪ್ಲಾಸ್ಟಿಕ್ ಡಬ್ಬ. ಮುಚ್ಚಳದ ತುಂಬ ಸಣ್ಣ ಸಣ್ಣ ತೂತು. ಮುಚ್ಚಳ ಜಾರದ ಹಾಗೆ ಬಾಳೆನಾರು ಸುತ್ತಿ ಗಂಟು ಹಾಕಿದ್ದರು. ಒಳಗೆ ಹಸಿ ಪಾಚಿಯ ಮೇಲೆ ಮಲಗಿದ್ದ ಕಪ್ಪು ಜೀವವೊಂದು ಬೆಳಕು ಬಿದ್ದೊಡನೆ ನಿಧಾನವಾಗಿ ತಲೆ ಎತ್ತಿತು.

“ದೇವಾ!” ಎಂದಳು ಝೀಟಾ. “ಇದು ಬದುಕಿದೆ.”

ಆಶ್ರಿತಾ ಕಾಣೆಯಾಗಿ ವಾರ ದಾಟಿತ್ತು. ಮಣಿಪಾಲದ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿದ್ದ ಹುಡುಗಿ. ಗೆಳತಿಯರ ಜೊತೆ ಹೊರಗೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿದವಳು ಮತ್ತೆ ಫೋನ್ ಎತ್ತಿರಲಿಲ್ಲ. ‘ಪ್ರಾಯಕ್ಕೆ ಬಂದ ಹುಡುಗಿ, ತಾನಾಗಿ ಬರುತ್ತಾಳೆ’ ಎಂದಿದ್ದರು ಪೊಲೀಸರು. ಆಮೇಲೆಯೇ ಇನ್ನಂಜೆ ಊರಿನಲ್ಲಿರುವ ಅವಳ ಅಪ್ಪ ದೇವದಾಸರು ಆದಿ ಉಡುಪಿಯಲ್ಲಿರುವ ಝೀಟಾಳ ಪುಟ್ಟ ಆಫೀಸಿನ ಮೆಟ್ಟಿಲು ಹತ್ತಿದ್ದು. ಪೊಲೀಸ್ ಇಲಾಖೆಯ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಗೆ ಇಳಿದ ಹೆಂಗಸು ಊರಿನಲ್ಲಿ ಅವಳೊಬ್ಬಳೇ.

ಈಗ ಅವಳು ನಿಂತಿದ್ದದ್ದು ಈಶ್ವರನಗರದಲ್ಲಿ ಆಶ್ರಿತಾ ಬಾಡಿಗೆಗಿದ್ದ ಮಹಡಿಯ ಕೋಣೆಯಲ್ಲಿ. ಮನೆಯ ಒಡತಿ ಪ್ಯಾಟ್ರಿಶಿಯಾ ಶಾಲೆಯ ಟೀಚರು. ಹಗಲಿಡೀ ಮನೆಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಇನ್ನೊಂದು ಬೀಗದ ಕೈ ಕೊಡುವಾಗಲೇ ಆಕೆ ಮೂಗಿಗೆ ಸೆರಗು ಹಿಡಿದಿದ್ದಳು.

“ಒಳಗೆ ಎರಡು ಪ್ರಾಣಿ ಉಂಟು ಝೀಟಾ. ನೀರಿನಲ್ಲಿರುವ ಹಲ್ಲಿಯ ಹಾಗೆ. ಪಾಪ, ಸತ್ತು ಕೊಳೆತಿರಬೇಕು. ನನಗೆ ನೋಡಲಿಕ್ಕೆ ಧೈರ್ಯ ಇಲ್ಲ.”

ಝೀಟಾ ಕರ್ಚೀಫು ಕಟ್ಟಿಕೊಂಡೇ ಕೋಣೆಯ ಬಾಗಿಲು ತೆರೆದಿದ್ದಳು. ವಾಸನೆ ಇರಲಿಲ್ಲ.

ಕಿಟಕಿಯಿಂದ ದೂರದ ಗೋಡೆಗೆ ಒತ್ತಿ ಗಾಜಿನ ತೊಟ್ಟಿ. ನೀರು ಕಣ್ಣಿನ ಹಾಗೆ ತಿಳಿ. ಅದರಲ್ಲಿ ಆಕ್ಸೊಲಾಟಲ್ ಎಂಬ ಮೆಕ್ಸಿಕೊ ಮೂಲದ ನೀರುಜೀವಿಗಳೆರಡು ಆರಾಮವಾಗಿ ಕುಳಿತಿದ್ದವು. ಒಂದು ಬಿಳಿ, ಒಂದು ಕಪ್ಪು. ಕತ್ತಿನ ಎರಡೂ ಬದಿಗೆ ಗರಿಗಳಂತೆ ಹರಡಿದ ಕೆಂಪು ಕಿವಿರು. ರೆಪ್ಪೆಯಿಲ್ಲದ ಕಣ್ಣು, ಯಾವಾಗಲೂ ನಗುವಂಥ ಬಾಯಿ. ನೀರಿನ ಮೇಲೆ ಹೆಪ್ಪುಗಟ್ಟಿದ ನೀರಿನ ಬಾಟಲಿಯೊಂದು ತೇಲುತ್ತಿತ್ತು. ಅದರ ಮಂಜು ಇನ್ನೂ ಅರ್ಧವೂ ಕರಗಿರಲಿಲ್ಲ.

ಕೋಣೆಗೆ ಬೀಗ. ಆಶ್ರಿತಾ ನಾಪತ್ತೆ. ಆದರೂ ಇವತ್ತು ಬೆಳಿಗ್ಗೆ ಇಲ್ಲಿ ಯಾರೋ ಬಂದಿದ್ದಾರೆ.

ಝೀಟಾ ಡಬ್ಬದ ಫೋಟೊವನ್ನೂ ತೊಟ್ಟಿಯ ಫೋಟೊವನ್ನೂ ಡಾಕ್ಟರ್ ಕ್ಲಾರೆನ್ಸ್‌ಗೆ ಕಳುಹಿಸಿದಳು. ಉಡುಪಿಯಲ್ಲಿ ನಾಯಿ, ಬೆಕ್ಕು ಮಾತ್ರವಲ್ಲ, ಆಮೆ, ಇಗುವಾನ ತಂದವರನ್ನೂ ವಾಪಸು ಕಳಿಸದ ಪಶುವೈದ್ಯ ಅವನು. ಫೋನ್ ತಕ್ಷಣ ಬಂತು.

“ತೊಟ್ಟಿಯಲ್ಲಿರುವವು ಚೆನ್ನಾಗಿವೆ. ಕಿವಿರು ನೋಡು, ಎಷ್ಟು ತುಂಬಿಕೊಂಡಿದೆ! ನೀರು ಬಿಸಿಯಾದರೆ ಮೊದಲು ಅದೇ ಸೊರಗುವುದು. ನಮ್ಮ ಊರಿನ ಸೆಕೆಯಲ್ಲಿ ಒಂದು ದಿನ ಬಿಟ್ಟರೂ ಸಾಕು, ತಿನ್ನುವುದು ಬಿಡುತ್ತವೆ, ಮೈಮೇಲೆ ಹತ್ತಿಯ ಹಾಗೆ ಬೂಷ್ಟು ಬರುತ್ತದೆ. ಯಾರೋ ದಿನಾ ಬಂದು ನೋಡಿಕೊಳ್ಳುತ್ತಿದ್ದಾರೆ.”

“ಅಂಗಡಿಯವರು ಯಾರಾದರೂ?”

“ಮೀನಿನ ಅಂಗಡಿಯವರಾದರೆ ಕೆಳಗೆ ಬಣ್ಣದ ಕಲ್ಲು ಹಾಕುತ್ತಿದ್ದರು, ಮೇಲೆ ಲೈಟ್ ಉರಿಸುತ್ತಿದ್ದರು. ಇವಕ್ಕೆ ಎರಡೂ ಆಗುವುದಿಲ್ಲ. ಕಲ್ಲು ಕಂಡರೆ ನುಂಗುತ್ತವೆ, ಹೊಟ್ಟೆ ಕಟ್ಟಿ ಸಾಯುತ್ತವೆ. ಇಲ್ಲಿ ತಳ ಖಾಲಿ ಉಂಟು. ತಿಳಿದವರ ಕೆಲಸ.”

“ಫ್ರಿಜ್ಜಿನಲ್ಲಿರುವುದು?”

ಕ್ಲಾರೆನ್ಸ್ ಸ್ವರ ತಗ್ಗಿಸಿದ.

“ಅದು ಆಕ್ಸೊಲಾಟಲ್ ಅಲ್ಲ. ಅದಕ್ಕೆ ಕಿವಿರು ಇಲ್ಲ, ನೋಡು. ಬೆನ್ನಿನ ಮೇಲೆ ಗಂಟು ಗಂಟು. ಅದು ಡಾರ್ಜಿಲಿಂಗ್ ಕಡೆಯ ಬೆಟ್ಟದ ಸಾಲಮಾಂಡರ್, ಕಪ್ಪೆಯ ಹಾಗೆ ನೀರಿನಲ್ಲೂ ನೆಲದಲ್ಲೂ ಬದುಕುವಂಥದ್ದು. ಕಾಡಿನ ಪ್ರಾಣಿ ಝೀಟಾ, ಹಿಡಿಯುವುದೇ ಅಪರಾಧ. ತಂಪಿನಲ್ಲಿ ಹುಟ್ಟಿದ್ದು, ಅದಕ್ಕೇ ಫ್ರಿಜ್ಜಿನಲ್ಲಿಟ್ಟು ಜೀವ ಉಳಿಸಿದ್ದಾರೆ. ಒಣ ಕೈಯಲ್ಲಿ ಮುಟ್ಟಬೇಡ. ಅದರ ಚರ್ಮವೂ ಉಸಿರಾಡುತ್ತದೆ.”

ಝೀಟಾ ಫೋನ್ ಕೆಳಗಿಟ್ಟು ಡಬ್ಬವನ್ನು ಮತ್ತೊಮ್ಮೆ ನೋಡಿದಳು. ಈ ಸಲ ಅವಳ ಕಣ್ಣು ಪ್ರಾಣಿಯ ಮೇಲಿರಲಿಲ್ಲ, ಬಾಳೆನಾರಿನ ಮೇಲಿತ್ತು.

ಮಣಿಪಾಲದಲ್ಲಿ ಯಾರು ಬಾಳೆನಾರಿನಿಂದ ಡಬ್ಬ ಕಟ್ಟುತ್ತಾರೆ? ಇಲ್ಲಿ ರಬ್ಬರ್ ಬ್ಯಾಂಡ್ ಉಂಟು, ಟೇಪ್ ಉಂಟು. ನಾರನ್ನು ಒದ್ದೆ ಮಾಡಿ, ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದ ಆ ಗಂಟನ್ನು ಅವಳು ಮೊನ್ನೆಯಷ್ಟೇ ನೋಡಿದ್ದಳು. ಇನ್ನಂಜೆಯ ಮನೆಯ ಚಾವಡಿಯಲ್ಲಿ. ದೇವದಾಸರು ಮಗಳ ಬಗ್ಗೆ ಹೇಳಿ ಹೇಳಿ ಅಳುತ್ತಿದ್ದಾಗ, ಪಕ್ಕದಲ್ಲಿ ಕೂತ ಅವರ ಹೆಂಡತಿ ಬೇಬಿ ತಲೆ ಎತ್ತದೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು.

‘ಬರುತ್ತಾಳೆ’ ಎಂದಷ್ಟೇ ಹೇಳಿದ್ದಳು ಆ ತಾಯಿ. ಅಳಲಿಲ್ಲ. ಅವತ್ತು ಅದು ಝೀಟಾಳಿಗೆ ವಿಚಿತ್ರ ಅನಿಸಿತ್ತು.

ಅವಳು ಫ್ರಿಜ್ ಮುಚ್ಚಿ, ಬಾಗಿಲಿಗೆ ಒಳಗಿನಿಂದ ಬೀಗ ತಿರುಗಿಸಿ, ಕುರ್ಚಿ ಎಳೆದು ಕೂತಳು.

ಮಧ್ಯಾಹ್ನದ ಬಿಸಿಲು ಇಳಿಯುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಬೀಗದ ಕೈ ತಿರುಗಿತು. ಬಟ್ಟೆಯ ಚೀಲ ಹಿಡಿದು ಒಳಗೆ ಬಂದ ಬೇಬಿ, ಕುರ್ಚಿಯಲ್ಲಿ ಕೂತವಳನ್ನು ಕಂಡು ಗೋಡೆಗೆ ಒರಗಿದಳು.

“ಬನ್ನಿ ಬೇಬಿಯಕ್ಕ,” ಎಂದಳು ಝೀಟಾ. “ಬಾಟಲಿ ಕರಗಿದೆ. ಮೊದಲು ಅದನ್ನು ಬದಲಿಸಿ. ನಾನು ಕಾಯುತ್ತೇನೆ.”

ಬೇಬಿ ಕೈಕಾಲು ತೊಳೆದು ಕೆಲಸಕ್ಕೆ ನಿಂತಳು. ಫ್ರೀಜರಿನಿಂದ ಇನ್ನೊಂದು ಬಾಟಲಿ ತೆಗೆದು ತೇಲಿಬಿಟ್ಟಳು. ಬಕೆಟಿನಲ್ಲಿ ಮೊದಲೇ ಹಿಡಿದಿಟ್ಟ ನೀರಿಗೆ ಬೆರಳು ಅದ್ದಿ ತಂಪು ನೋಡಿದಳು. ತೊಟ್ಟಿಯಿಂದ ಒಂದು ಪಾಲು ನೀರು ತೆಗೆದು, ಅಷ್ಟೇ ಹೊಸ ನೀರನ್ನು ಪಾತ್ರೆಯಂಚಿನಿಂದ ನಿಧಾನವಾಗಿ ಬಿಟ್ಟಳು. ಚೀಲದ ಮೊಸರಿನ ಡಬ್ಬದಲ್ಲಿ ಗದ್ದೆಯ ಮಣ್ಣು, ಅದರೊಳಗೆ ಎರೆಹುಳು. ಒಂದೊಂದನ್ನೇ ತೊಳೆದು ಹಿಡಿದಾಗ ಬಿಳಿ ಪ್ರಾಣಿ ಮೇಲೆ ಬಂದು ‘ಗಬಕ್’ ಎಂದು ಕಚ್ಚಿತು.

ಅವಳ ಮುಖದಲ್ಲಿ ನಗುವಿನ ಗೆರೆಯೊಂದು ಮೂಡಿ ಮರೆಯಾಯಿತು. ಹಾಗೆಯೇ ನೆಲಕ್ಕೆ ಕುಸಿದು ಕೂತಳು.

“ಅವರಿಗೆ ಹೇಳಬೇಡಿ ಮೇಡಂ. ನಿಮ್ಮ ಕಾಲಿಗೆ ಬೀಳುತ್ತೇನೆ.”

“ದೇವದಾಸರಿಗೆ?”

“ಅವರು ನಿನ್ನೆ ಮುಂಬೈಗೆ ಹೋದರು. ಅಲ್ಲಿ ಅವಳ ಗೆಳತಿಯರು ಇದ್ದಾರೆ, ಹುಡುಕುತ್ತೇನೆ ಅಂತ. ಊಟ ಬಿಟ್ಟಿದ್ದಾರೆ. ನೋಡಿದರೆ ಕರುಳು ಕಿತ್ತು ಬರುತ್ತದೆ. ಆದರೂ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಮಗಳು ಜೈಲಿಗೆ ಹೋಗುತ್ತಾಳೆ.”

“ಯಾರು ಹೇಳಿದ್ದು?”

“ಪ್ರತೀಕ್.”

ಆ ಹೆಸರನ್ನು ಝೀಟಾ ಮೊದಲ ಸಲ ಕೇಳುತ್ತಿದ್ದಳು. ಅವಳು ತಾನೂ ನೆಲಕ್ಕಿಳಿದು, ಬೇಬಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

“ಮೊದಲಿನಿಂದ ಹೇಳಿ ಬೇಬಿಯಕ್ಕ. ನಿಮ್ಮ ಮಗಳಿಗೆ ಕೆಟ್ಟದಾಗಬೇಕು ಅಂತ ನಾನು ಬಂದದ್ದಲ್ಲ.”

ಬೇಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಪ್ರತೀಕ್ ಎಂಬವನು ಆಶ್ರಿತಾಳ ಕಾಲೇಜಿನ ಗೆಳೆಯ. ನಿಟ್ಟೆಯ ಹತ್ತಿರ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ. ಆಶ್ರಿತಾಳಿಗೆ ಈ ಪ್ರಾಣಿಗಳ ಹುಚ್ಚು. ಎಲ್ಲೆಲ್ಲಿಂದಲೋ ಜನ ಅವಳಿಗೆ ಫೋನ್ ಮಾಡಿ ತಮ್ಮ ಪ್ರಾಣಿ ತಿನ್ನುವುದಿಲ್ಲ, ಬಾಲ ಮುದುಡಿದೆ ಎಂದು ಕೇಳುತ್ತಿದ್ದರು. ಪ್ರತೀಕನೂ ಒಂದು ದಿನ ಕರೆದ. ‘ಹೊಸ ಆಕ್ಸೊಲಾಟಲ್ ಬಂದಿದೆ, ಕಿವಿರೇ ಉದುರಿಹೋಗಿದೆ, ಮದ್ದು ಎಂತ?’ ಎಂದ.

“ಇವಳು ಹೋಗಿ ನೋಡಿ, ಆ ಕಿವಿರಿಲ್ಲದ ಕಪ್ಪನ್ನು ಹಸಿ ಪಾಚಿಯ ಡಬ್ಬದಲ್ಲಿಟ್ಟುಕೊಂಡು ಬಂದಳು. ಅಮ್ಮ, ಇದು ನಮ್ಮ ತೊಟ್ಟಿಯಲ್ಲಿರುವ ಜಾತಿಯದ್ದಲ್ಲ, ಕಾಡಿನಿಂದ ಕದ್ದು ತಂದದ್ದು, ಅಂಗಡಿಯ ಹಿಂದೆ ಇನ್ನೂ ಸುಮಾರು ಉಂಟು, ತಗಡಿನ ಮಾಡಿನ ಕೆಳಗೆ ಬೇಯುತ್ತಾ ಉಂಟು ಅಂದಳು. ಅವತ್ತು ಊಟ ಮಾಡಲಿಲ್ಲ ಮೇಡಂ.”

“ಪ್ರತೀಕನ ಮೇಲೆ ದೂರು ಕೊಡುತ್ತೇನೆ ಅಂದಳಾ?”

“ಇಲ್ಲ. ಅವನಿಗೆ ಯಾರೋ ಮೋಸ ಮಾಡಿದ್ದಾರೆ, ಪಾಪ, ಅವನಿಗೆ ತಿಳಿಯುವುದಿಲ್ಲ ಅಂದಳು. ಅವನನ್ನು ಒಪ್ಪಿಸಿ ಎಲ್ಲವನ್ನೂ ಅರಣ್ಯ ಇಲಾಖೆಗೆ ಕೊಡಿಸುತ್ತೇನೆ ಅಂತ ಹೊರಟಳು. ನನಗೆ ಬೀಗದ ಕೈ ಕೊಟ್ಟು, ಎರಡು ದಿನ ಇವುಗಳನ್ನು ನೋಡಿಕೊ, ಫ್ರಿಜ್ಜಿನಲ್ಲಿರುವುದನ್ನು ಮಾತ್ರ ಯಾರಿಗೂ ತೋರಿಸಬೇಡ ಅಂದಳು. ಅಷ್ಟೇ.”

“ಆಮೇಲೆ?”

“ಆಮೇಲೆ ಅವನ ಫೋನ್ ಬಂತು. ಆಶ್ರಿತಾ ನಮ್ಮ ನೆಂಟರ ಮನೆಯಲ್ಲಿ ಸುಖವಾಗಿದ್ದಾಳೆ, ಅವಳ ಫೋನ್ ಹಾಳಾಗಿದೆ ಅಂದ. ಕಾಡಿನ ಪ್ರಾಣಿಯನ್ನು ಕೊಂಡುಹೋದದ್ದು ಅವಳು, ಪೊಲೀಸರಿಗೆ ತಿಳಿದರೆ ಅವಳ ಮೇಲೆಯೇ ಕೇಸು ಅಂದ. ದಿನಾ ಈ ಹೊತ್ತಿಗೆ ಫೋನ್ ಮಾಡುತ್ತಾನೆ. ಆ ಕಪ್ಪು ಎಲ್ಲಿ ಉಂಟು ಅಂತ ಕೇಳುತ್ತಾನೆ. ನನಗೆ ಗೊತ್ತಿಲ್ಲ ಅನ್ನುತ್ತೇನೆ. ಮಗಳು ಹೇಳಿದ್ದಳಲ್ಲ, ಯಾರಿಗೂ ತೋರಿಸಬೇಡ ಅಂತ.”

ಝೀಟಾ ಮುಂದಕ್ಕೆ ಬಾಗಿದಳು. “ಮಗಳ ಸ್ವರ ಕೇಳಿದ್ದೀರಾ?”

ಬೇಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

“ಒಮ್ಮೆಯಾದರೂ?”

“ಇಲ್ಲ. ಅವಳು ಹೇಳಿ ಕಳುಹಿಸುತ್ತಾಳೆ. ಅವನು ಹೇಳುತ್ತಾನೆ.” ಬೇಬಿಯ ಮಾತು ಅವಸರಕ್ಕೆ ಬಿತ್ತು. “ದಿನಾ ಹೇಳುತ್ತಾಳೆ ಮೇಡಂ. ಇವುಗಳನ್ನು ಹೇಗೆ ನೋಡಬೇಕು ಅಂತ. ಆದರೆ ಆ ಹುಡುಗನ ಕಿವಿಯಲ್ಲಿ ಎಂತದೋ ದೋಷ ಉಂಟು. ಎಲ್ಲವನ್ನೂ ಉಲ್ಟಾ ಕೇಳಿಸಿಕೊಳ್ಳುತ್ತಾನೆ.”

“ಉಲ್ಟಾ ಅಂದರೆ?”

“ನೀರೆಲ್ಲ ಒಂದೇ ಸಲ ಚೆಲ್ಲಿ ನಲ್ಲಿ ನೀರು ತುಂಬಿಸಬೇಕಂತೆ. ಹಾಗೆ ಮಾಡಿದರೆ ಇವು ಉಳಿಯುತ್ತವಾ? ಮಂಜಿನ ಬಾಟಲಿ ಬೇಡವಂತೆ. ತಳಕ್ಕೆ ಸಣ್ಣ ಕಲ್ಲು ಹಾಸಬೇಕಂತೆ. ಬೊಳ್ಳಿಗೆ ಬೆಳಕು ಇಷ್ಟ, ಲೈಟ್ ಆರಿಸಬಾರದಂತೆ. ಕಲಿಸಿದ್ದು ಅವಳೇ ಅಲ್ವಾ, ಇದೆಲ್ಲ ಮಾಡಬಾರದು ಅಂತ? ನಾನು ಹೂಂ ಹೂಂ ಅಂದು, ಅವಳು ಕಲಿಸಿದ ಹಾಗೆಯೇ ಮಾಡಿದೆ. ಗಂಡುಮಕ್ಕಳು ಕೇಳಿಸಿಕೊಳ್ಳುವುದು ಹಾಗೆಯೇ ಅಲ್ವಾ.”

ಝೀಟಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೀನಿನ ಅಂಗಡಿಯವನಿಗೆ ಇವುಗಳ ಪಾಲನೆ ತಿಳಿಯದು. ಮೀನಿಗೆ ಹೇಳುವ ಮಾತನ್ನೇ ಇಲ್ಲಿಗೂ ಹೇಳುತ್ತಿದ್ದಾನೆ. ಅಂದರೆ ಆ ಮಾತುಗಳು ಆಶ್ರಿತಾಳದ್ದಲ್ಲ. ಅವನು ಹುಟ್ಟಿಸಿಕೊಂಡು ಹೇಳುತ್ತಿದ್ದಾನೆ. ಹಾಗಾದರೆ ಆಶ್ರಿತಾ—

ಎದುರು ಕೂತ ತಾಯಿಯ ಮುಖ ನೋಡಿ ಆ ಯೋಚನೆಯನ್ನು ಅವಳು ಅಲ್ಲಿಗೇ ತಡೆದಳು. ಆಗ ಒಂದು ಶಬ್ದ ಅವಳ ಕಿವಿಗೆ ಮತ್ತೆ ಬಡಿಯಿತು.

“ಬೇಬಿಯಕ್ಕ, ಬೊಳ್ಳಿ ಅಂದರೆ ಯಾರು?”

“ಈ ಬಿಳಿ. ಬೆಳ್ಳಿಯ ಹಾಗೆ ಉಂಟಲ್ಲ, ಅದಕ್ಕೆ.”

“ಎಲ್ಲರೂ ಹಾಗೆಯೇ ಕರೆಯುತ್ತಾರಾ?”

“ಎಲ್ಲಿಯ ಎಲ್ಲರು? ಅವಳು ಅದಕ್ಕೆ ಎಂತದೋ ಇಂಗ್ಲಿಷ್ ಹೆಸರು ಇಟ್ಟಿದ್ದಳು. ನನ್ನ ನಾಲಿಗೆಗೆ ಬರುವುದಿಲ್ಲ ಅಂತ ನಾನು ಬೊಳ್ಳಿ ಅಂದೆ. ನನ್ನ ಎದುರು ಮಾತ್ರ ಅವಳೂ ಹಾಗೆ ಹೇಳುತ್ತಾಳೆ. ಅವಳ ಅಪ್ಪನಿಗೆ ಕೂಡ ಗೊತ್ತಿಲ್ಲ. ಅವರು ಹಲ್ಲಿ ಅನ್ನುತ್ತಾರೆ.”

“ಮತ್ತೆ ಪ್ರತೀಕನಿಗೆ ಆ ಹೆಸರು ಹೇಗೆ ಗೊತ್ತಾಯಿತು?”

ಬೇಬಿಯ ಕಣ್ಣು ಅಗಲವಾಯಿತು.

ಝೀಟಾ ಅವಳ ಎರಡೂ ಕೈ ಹಿಡಿದುಕೊಂಡಳು. “ಆಶ್ರಿತಾ ಬದುಕಿದ್ದಾಳೆ. ಆ ಮಾತು ಅವಳದ್ದೇ. ಅವನ ಕಿವಿ ಸರಿಯಾಗಿಯೇ ಉಂಟು. ತಿಳಿಯದವನು ಅರ್ಧ ಸರಿ, ಅರ್ಧ ತಪ್ಪು ಹೇಳುತ್ತಾನೆ. ಒಂದನ್ನೂ ಬಿಡದೆ ಎಲ್ಲವನ್ನೂ ತಪ್ಪು ಹೇಳಬೇಕಾದರೆ, ಎಲ್ಲವೂ ತಿಳಿದಿರಬೇಕು. ಅವನಿಗೆ ಅನುಮಾನ ಬರುವುದಿಲ್ಲ, ಯಾಕೆಂದರೆ ಮೀನು ಸಾಕುವವರು ಹೆಚ್ಚಾಗಿ ಹಾಗೆಯೇ ಮಾಡುವುದು. ಆದರೆ ಅಮ್ಮನಿಗೆ ತಿಳಿಯುತ್ತದೆ ಅಂತ ಅವಳಿಗೆ ಗೊತ್ತು.”

“ಅಂದರೆ...”

“ಅಂದರೆ ಅವಳು ಸುಖವಾಗಿಲ್ಲ. ಅವಳು ಅಲ್ಲಿ ತಾನಾಗಿ ಉಳಿದದ್ದಲ್ಲ. ದಿನಾ ನಿಮ್ಮನ್ನು ಕರೆಯುತ್ತಾ ಇದ್ದಾಳೆ.”

ಬೇಬಿ ಸೆರಗನ್ನು ಬಾಯಿಗೆ ತುರುಕಿ ಅಳತೊಡಗಿದಳು. “ನನ್ನ ಮಗು ಕರೆಯುತ್ತಾ ಇತ್ತು. ನಾನು ಅವನ ಕಿವಿಗೆ ಬೈಯುತ್ತಾ ಕೂತೆ.”

“ನೀವು ಅವಳು ಕಲಿಸಿದ್ದನ್ನು ಬಿಡಲಿಲ್ಲ. ಅದಕ್ಕೇ ಈಗ ನಮಗೆ ತಿಳಿದದ್ದು,” ಎಂದಳು ಝೀಟಾ, ಅವಳ ಬೆನ್ನು ಸವರುತ್ತಾ.

ಆಗ ಚೀಲದೊಳಗೆ ಫೋನ್ ರಿಂಗಾಯಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಝೀಟಾ ಅವಳ ಕಿವಿಯ ಹತ್ತಿರ ಬಾಗಿದಳು. “ಸ್ಪೀಕರ್ ಹಾಕಿ. ದಿನದ ಹಾಗೆಯೇ ಮಾತಾಡಿ. ಬೊಳ್ಳಿಗೆ ಹುಷಾರಿಲ್ಲ, ಕಿವಿರಿನಲ್ಲಿ ಬಿಳಿ ಬೂಷ್ಟು ಬಂದಿದೆ, ಎಂತ ಮಾಡಬೇಕು ಅಂತ ಆಶ್ರಿತಾಳ ಹತ್ತಿರ ಕೇಳಿ ಹೇಳು ಅನ್ನಿ. ಅವಳಿಗೆ ಬೇಕಾದ ಮಾತು ಹೇಳಲಿಕ್ಕೆ ಒಂದು ದಾರಿ ಕೊಡುವ.”

ಬೇಬಿ ಮುಖ ಒರೆಸಿಕೊಂಡಳು. ಗಂಟಲು ಸರಿಮಾಡಿದಳು.

“ಹಲೋ, ಪ್ರತೀಕಾ?”

“ಹಾಂ ಆಂಟಿ, ಊಟ ಆಯಿತಾ?” ಹಿತವಾದ, ಮರ್ಯಾದೆಯ ಸ್ವರ. “ಕೋಣೆಯಲ್ಲಿದ್ದೀರಾ?”

“ಹೌದು ಮಗ. ಬೊಳ್ಳಿಗೆ ಹುಷಾರಿಲ್ಲ ಮಾರಾಯ. ಕಿವಿರಿನಲ್ಲಿ ಹತ್ತಿಯ ಹಾಗೆ ಬಂದಿದೆ. ನನಗೆ ಹೆದರಿಕೆಯಾಗುತ್ತದೆ. ಅವಳ ಹತ್ತಿರ ಒಮ್ಮೆ ಕೇಳು, ಎಂತ ಮಾಡಬೇಕು ಅಂತ.”

ಸ್ವರ ನಡುಗಲಿಲ್ಲ. ಝೀಟಾ ಅವಳ ಇನ್ನೊಂದು ಕೈಯನ್ನು ತನ್ನ ಅಂಗೈಯಲ್ಲಿ ಮುಚ್ಚಿದಳು.

“ನಿಲ್ಲಿ ಆಂಟಿ, ಕೇಳಿ ಹೇಳುತ್ತೇನೆ.”

ಲೈನು ಮೌನವಾಯಿತು. ಫ್ರಿಜ್ ಗುಂಯ್ ಎನ್ನುತ್ತಿತ್ತು. ಬೇಬಿ ತುಟಿಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಸುಮಾರು ಹೊತ್ತಿನ ಮೇಲೆ ಪ್ರತೀಕ್ ಮತ್ತೆ ಬಂದ.

“ಆಂಟಿ, ಆನೆಕೆರೆಯ ನೀರು ತಂದು ಅದರಲ್ಲಿ ಬಿಡಬೇಕಂತೆ. ಕೆರೆಯ ನೀರು ಒಳ್ಳೆಯದಂತೆ ಅದಕ್ಕೆ.”

ಝೀಟಾ ತಟ್ಟನೆ ತಲೆ ಎತ್ತಿದಳು. ಹುಷಾರಿಲ್ಲದ ಪ್ರಾಣಿಯನ್ನು ತೆರೆದ ಕೆರೆಯ ನೀರಿಗೆ ಬಿಡುವವರು ಯಾರೂ ಇಲ್ಲ; ಒಂದು ರೋಗಕ್ಕೆ ಹತ್ತು ರೋಗ ಸೇರಿಸಿದ ಹಾಗೆ. ಬಿಡಲೇಬೇಕಾದರೂ ಮಣಿಪಾಲದಲ್ಲಿ ಮಣ್ಣಪಳ್ಳದ ಕೆರೆ ಉಂಟು. ಅದನ್ನು ಬಿಟ್ಟು ಅಷ್ಟು ದೂರದ ಕಾರ್ಕಳದ ಕೆರೆಯ ಹೆಸರು ಯಾಕೆ?

ಆಶ್ರಿತಾ ಆನೆಕೆರೆಯ ಹತ್ತಿರ ಇದ್ದಾಳೆ. ಬಹುಶಃ ಅವಳ ಕಿಟಕಿಗೆ ಆ ನೀರು ಕಾಣುತ್ತದೆ.

ಬೇಬಿಗೂ ಅರ್ಥವಾಯಿತು. ಅವಳ ಬೆರಳುಗಳು ಝೀಟಾಳ ಅಂಗೈಯನ್ನು ಗಟ್ಟಿಯಾಗಿ ಹಿಡಿದವು.

“ಆಯಿತು ಮಗ,” ಎಂದಳು.

“ಮತ್ತೆ ಆಂಟಿ...” ಪ್ರತೀಕನ ಸ್ವರದ ಹಿತ ಹಾಗೆಯೇ ಇತ್ತು. “ಗೇಟಿನ ಹತ್ತಿರ ಒಂದು ಸ್ಕೂಟರ್ ಉಂಟಲ್ಲ. ಅದು ಯಾರದ್ದು?”

ಝೀಟಾ ಬಗ್ಗಿಕೊಂಡೇ ಕಿಟಕಿಯ ಕಡೆ ಸರಿದಳು. ಪರದೆಯ ಅಂಚನ್ನು ಬೆರಳಿನಷ್ಟು ಸರಿಸಿದಳು.

ಅವಳ ಸ್ಕೂಟರಿನ ಪಕ್ಕದಲ್ಲಿ ಬಿಳಿ ಕಾರೊಂದು ನಿಂತಿತ್ತು. ಅದಕ್ಕೆ ಒರಗಿ, ಒಂದು ಫೋನನ್ನು ಕಿವಿಗೆ, ಇನ್ನೊಂದನ್ನು ಕೈಯಲ್ಲಿ ಹಿಡಿದ ಯುವಕ ಮಹಡಿಯನ್ನೇ ನೋಡುತ್ತಿದ್ದ. ಅವನು ಇಲ್ಲಿದ್ದಾನೆ. ಹಾಗಾದರೆ ಕಾರ್ಕಳದಲ್ಲಿ ಆಶ್ರಿತಾಳ ಎದುರು ಕೂತು ಈಗಷ್ಟೇ ಆ ಪ್ರಶ್ನೆ ಕೇಳಿದವರು ಯಾರು?

“ಆಂಟಿ? ಕೇಳುತ್ತಾ ಉಂಟಾ?”

ಕಾರಿನ ಇನ್ನೊಂದು ಬಾಗಿಲು ತೆರೆಯಿತು. ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಇಳಿದರು. ಝೀಟಾಳ ಹಿಂದೆ ಬಂದು ನಿಂತ ಬೇಬಿ ಉಸಿರೆಳೆದುಕೊಂಡಳು.

ದೇವದಾಸರು. ಮುಂಬೈಗೆ ಹೋಗುತ್ತೇನೆಂದು ನಿನ್ನೆ ಹೊರಟಿದ್ದ ದೇವದಾಸರು.

ಅವರು ತಲೆ ಎತ್ತಿ ನೇರವಾಗಿ ಅದೇ ಕಿಟಕಿಯನ್ನು ನೋಡಿದರು. ಪ್ರತೀಕ್ ಗೇಟಿನ ಚಿಲಕಕ್ಕೆ ಕೈ ಹಾಕುತ್ತಿದ್ದಂತೆ, ಅವನಿಗೆ ಕಾಣದ ಹಾಗೆ ಅವರು ಮೆಲ್ಲನೆ, ಒಂದೇ ಒಂದು ಸಲ, ಬಾಗಿಲು ತೆರೆಯಬೇಡ ಎಂಬಂತೆ ತಲೆ ಆಡಿಸಿದರು.